ಗರ್ಭನಿರೋಧಕ: ಯಾರಿಗೆ ಯಾವುದು ಹೊಂದುತ್ತದೆ?

ಗರ್ಭನಿರೋಧಕಗಳ ಬಗ್ಗೆ ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಹಲವು ಬಗೆಯಲ್ಲಿ ಒಂದೇ ಮಾತನ್ನು ಕೇಳುತ್ತವೆ: ಎಲ್ಲಕ್ಕಿಂತ ಒಳ್ಳೆಯ ವಿಧಾನ ಯಾವುದು? ಹಾಗೆ ಕೇಳಿದರೆ ಉತ್ತರವಿಲ್ಲ. ಮುಂದಿನ ಮಗು ಯಾವಾಗ ಬೇಕು ಅಥವಾ ಬೇಡವೇ ಬೇಡವೇ, ಎಣಿಕೆ ತಪ್ಪಿ ಗರ್ಭ ನಿಂತರೆ ಅದನ್ನು ಸ್ವೀಕರಿಸುವ ಸ್ಥಿತಿಯಲ್ಲಿದ್ದೀರಾ, ನಿಮ್ಮ ದೇಹದಲ್ಲಿ ಈಗಾಗಲೇ ಯಾವ ಕಾಯಿಲೆಯಿದೆ, ದಿನವೂ ನೆನಪಿಟ್ಟು ಮಾಡುವ ಕೆಲಸ ನಿಮಗೆ ಒಗ್ಗುತ್ತದೆಯೇ ಎಂಬುದನ್ನು ತಿಳಿದರೆ ಮಾತ್ರ ಏನನ್ನಾದರೂ ಹೇಳಬಹುದು. ಇವನ್ನು ವಿವರವಾಗಿ ಬರೆದು ತಿಳಿಸಿದವರ ಪತ್ರಗಳನ್ನೇ ಈ ಸಲ ಆರಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಪ್ರಕಟಿಸುತ್ತಿಲ್ಲ.

ಪ್ರಶ್ನೆ: ನನಗೆ 26 ವರ್ಷ. ಮದುವೆಯಾಗಿ ಕೆಲವು ತಿಂಗಳಾದವು. ಇಬ್ಬರೂ ಉದ್ಯೋಗದಲ್ಲಿರುವುದರಿಂದ ಎರಡು ಮೂರು ವರ್ಷ ಮಗು ಬೇಡವೆಂದು ತೀರ್ಮಾನಿಸಿದ್ದೇವೆ. ಸದ್ಯ ಕಾಂಡೋಮ್ ಬಳಸುತ್ತಿದ್ದೇವೆ. ಆದರೂ ಪ್ರತಿ ತಿಂಗಳು ಮುಟ್ಟು ಬರುವವರೆಗೆ ಆತಂಕ ತಪ್ಪಿದ್ದಲ್ಲ. ಮಾತ್ರೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಅತ್ತಿಗೆ ಹೇಳುತ್ತಾರೆ. ಕಾಪರ್-ಟಿ ಹೆರಿಗೆಯಾದವರಿಗೆ ಮಾತ್ರ ಎಂದು ಗೆಳತಿ ಹೇಳುತ್ತಾಳೆ. ನಾನು ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ನಿಮ್ಮ ಆತಂಕಕ್ಕೆ ಆಧಾರವಿಲ್ಲದೆ ಇಲ್ಲ. ಯಾವ ವಿಧಾನವನ್ನೂ ಅನುಸರಿಸದ ನೂರು ದಂಪತಿಗಳಲ್ಲಿ ಒಂದು ವರ್ಷದೊಳಗೆ ಸುಮಾರು 85 ಮಂದಿಗೆ ಗರ್ಭ ನಿಲ್ಲುತ್ತದೆ. ಕಾಂಡೋಮನ್ನೇ ನೆಚ್ಚಿಕೊಂಡವರಲ್ಲಿ ಈ ಸಂಖ್ಯೆ ಸುಮಾರು 13ಕ್ಕೆ ಇಳಿಯುತ್ತದೆ. ಆದರೆ ಪ್ರತಿ ಸಲವೂ, ಮೊದಲಿನಿಂದ ಕೊನೆಯವರೆಗೂ, ತಪ್ಪಿಲ್ಲದೆ ಬಳಸಿದವರಲ್ಲಿ ಅದು ಕೇವಲ 2. ನಡುವಿನ ಹನ್ನೊಂದು ಗರ್ಭಗಳಿಗೆ ಬಹುಮಟ್ಟಿಗೆ ಕಾರಣವಾಗುವುದು ರಬ್ಬರಿನ ದೋಷವಲ್ಲ. ‘ಇವತ್ತೊಂದು ದಿನ ಇಲ್ಲದಿದ್ದರೂ ಆದೀತು’ ಎಂಬ ಸಡಿಲಿಕೆ, ತಡವಾಗಿ ಹಾಕಿಕೊಳ್ಳುವುದು, ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ ಲೇಟೆಕ್ಸನ್ನು ಹಾಳು ಮಾಡುವುದು, ಇಂಥವು. ಮಾತ್ರೆಯ ಲೆಕ್ಕವೂ ಹೀಗೆಯೇ ಇದೆ: ಒಂದೂ ತಪ್ಪದಂತೆ ನುಂಗಿದವರಲ್ಲಿ ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಕಡಿಮೆ, ನಮ್ಮನಿಮ್ಮಂಥವರು ನಿಜಜೀವನದಲ್ಲಿ ನುಂಗುವ ರೀತಿಯಲ್ಲಿ ಸುಮಾರು 7. ಮೂರು ತಿಂಗಳಿಗೊಮ್ಮೆ ಪಡೆಯುವ ಚುಚ್ಚುಮದ್ದಿನಲ್ಲಿ ಸುಮಾರು 4. ಆದರೆ ಗರ್ಭಕೋಶದೊಳಗೆ ಇರಿಸುವ ಸಾಧನಗಳಾದ (ಐಯುಡಿ) ಕಾಪರ್-ಟಿ ಮತ್ತು ಹಾರ್ಮೋನು ಸೂಸುವ ಐಯುಡಿ, ತೋಳಿನ ಚರ್ಮದಡಿ ಇರಿಸುವ ಕಡ್ಡಿ ಇವುಗಳಲ್ಲಿ ಎರಡು ಲೆಕ್ಕಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದು, ನೂರಕ್ಕೆ ಒಂದನ್ನು ಮುಟ್ಟುವುದಿಲ್ಲ. ಒಮ್ಮೆ ಅಳವಡಿಸಿದ ಮೇಲೆ ಮರೆಯಲು ಅಲ್ಲಿ ಏನೂ ಉಳಿದಿರುವುದಿಲ್ಲವಾದ್ದರಿಂದ ಹೀಗೆ. ಪೊಟ್ಟಣದ ಮೇಲಿನ ಅಂಕಿಯನ್ನು ನಂಬುವ ಮೊದಲು ಅದು ಯಾವ ಬಗೆಯ ಬಳಕೆಯ ಅಂಕಿ ಎಂದು ವಿಚಾರಿಸಬೇಕು ಎನ್ನುವುದು ಇದಕ್ಕೇ.

ಇನ್ನು ಅತ್ತಿಗೆಯವರ ಮಾತು. ಮಾತ್ರೆಯಿಂದ ಬಂಜೆತನ ಬರುವುದಿಲ್ಲ. ಮಾತ್ರೆ ನಿಲ್ಲಿಸಿದ ಬಳಿಕ ಹೆಚ್ಚಿನವರಲ್ಲಿ ಒಂದರಿಂದ ಮೂರು ತಿಂಗಳೊಳಗೆ ಅಂಡೋತ್ಪತ್ತಿ ಮರಳುತ್ತದೆ. ಬೇರೆ ವಿಧಾನಗಳನ್ನು ಬಿಟ್ಟವರಷ್ಟೇ ಪ್ರಮಾಣದಲ್ಲಿ ಇವರೂ ವರ್ಷದೊಳಗೆ ಗರ್ಭ ಧರಿಸುತ್ತಾರೆ. ಮೊದಲೇ ಮುಟ್ಟು ಅನಿಯಮಿತವಾಗಿದ್ದವರಿಗೆ ಮಾತ್ರೆ ಇರುವಷ್ಟು ಕಾಲ ತಿಂಗಳಿಗೆ ಸರಿಯಾಗಿ ರಕ್ತಸ್ರಾವವಾಗುತ್ತಿದ್ದು, ಅದನ್ನು ಬಿಟ್ಟೊಡನೆ ಹಳೆಯ ಏರುಪೇರು ಮತ್ತೆ ಕಾಣಿಸಿಕೊಳ್ಳುತ್ತದೆ, ಆಗ ದೂರು ಮಾತ್ರೆಯ ತಲೆಗೆ ಬರುತ್ತದೆ. ಹಿರಿಯರ ಭಯಕ್ಕೆ ಇನ್ನೊಂದು ಹಿನ್ನೆಲೆಯೂ ಇದೆ. 1960ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಗರ್ಭನಿರೋಧಕ ಮಾತ್ರೆಯಲ್ಲಿ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು 150 ಮೈಕ್ರೋಗ್ರಾಂ ಇತ್ತು. ಇಂದಿನ ಮಾತ್ರೆಗಳಲ್ಲಿ ಸಾಮಾನ್ಯವಾಗಿ 20ರಿಂದ 35 ಮೈಕ್ರೋಗ್ರಾಂ ಇರುತ್ತದೆ. ಅಂದಿನ ವಾಕರಿಕೆ, ತಲೆಸುತ್ತುಗಳ ಕಥೆಗಳು ಇಂದಿನ ಮಾತ್ರೆಗೂ ಅಂಟಿಕೊಂಡೇ ಬಂದಿವೆ.

ಮಾತ್ರೆಯ ಎಲೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. 28 ಮಾತ್ರೆಗಳ ಎಲೆಯಾದರೆ 21 ಮಾತ್ರೆಗಳು ಒಂದು ಬಣ್ಣ, ಉಳಿದ 7 ಇನ್ನೊಂದು ಬಣ್ಣ. ಔಷಧವಿರುವುದು ಆ 21ರಲ್ಲಿ. ಕೊನೆಯ 7ರಲ್ಲಿ ಹಾರ್ಮೋನು ಇರುವುದಿಲ್ಲ, ಕೆಲವು ಎಲೆಗಳಲ್ಲಿ ಕಬ್ಬಿಣಾಂಶ ಮಾತ್ರ ಇರುತ್ತದೆ. ಅಭ್ಯಾಸ ತಪ್ಪಬಾರದೆಂದು ಅವನ್ನು ಇಟ್ಟಿದ್ದಾರೆ, ಮುಟ್ಟಿನಂಥ ಸ್ರಾವ ಬರುವುದೂ ಆ ದಿನಗಳಲ್ಲೇ. ಮುಟ್ಟು ಆರಂಭವಾದ ಐದು ದಿನಗಳೊಳಗೆ ಶುರು ಮಾಡಿದರೆ ರಕ್ಷಣೆ ಕೂಡಲೇ ದೊರೆಯುತ್ತದೆ, ಬೇರೆ ದಿನ ಶುರು ಮಾಡಿದರೆ ಮೊದಲ ಏಳು ದಿನ ಕಾಂಡೋಮ್ ಜೊತೆಗಿರಬೇಕು. ಔಷಧದ ಮಾತ್ರೆಗಳಲ್ಲಿ ಒಂದೆರಡು ತಪ್ಪಿಹೋದರೆ ನೆನಪಾದ ಕೂಡಲೇ ಒಂದನ್ನು ನುಂಗಿ, ಮುಂದಿನದನ್ನು ಎಂದಿನ ಹೊತ್ತಿಗೆ ನುಂಗಿದರೆ ಸಾಕು; ಒಂದೇ ದಿನ ಎರಡಾದರೂ ಚಿಂತೆಯಿಲ್ಲ. ಮೂರು ಅಥವಾ ಅದಕ್ಕಿಂತ ಹೆಚ್ಚು ತಪ್ಪಿದರೆ ಮತ್ತೆ ಏಳು ದಿನ ಕಾಂಡೋಮ್ ಬೇಕು, ಅದು ಮೂರನೆಯ ವಾರದಲ್ಲಾಗಿದ್ದರೆ ಬಣ್ಣ ಬೇರೆಯಾದ ಏಳು ಮಾತ್ರೆಗಳನ್ನು ಬಿಟ್ಟು ನೇರವಾಗಿ ಹೊಸ ಎಲೆಯನ್ನು ಆರಂಭಿಸಬೇಕು. ಎಲ್ಲಕ್ಕಿಂತ ಅಪಾಯದ ತಪ್ಪೆಂದರೆ ಹೊಸ ಎಲೆಯನ್ನು ಒಂದೆರಡು ದಿನ ತಡವಾಗಿ ಶುರು ಮಾಡುವುದು. ಏಳು ದಿನದ ಬಿಡುವು ಒಂಬತ್ತಾದರೆ ಅಂಡಾಶಯ ಎಚ್ಚರಗೊಳ್ಳಲು ಅಷ್ಟು ಸಾಕು.

ಕಾಪರ್-ಟಿ ಹೆರಿಗೆಯಾಗದವರಿಗೂ ಹಾಕಬಹುದಾದ ಸಾಧನ. ‘ಟಿ’ ಆಕಾರದ, ಮೂರೂವರೆ ಸೆಂಟಿಮೀಟರಿನಷ್ಟು ಉದ್ದದ ಪ್ಲಾಸ್ಟಿಕ್ ಚೌಕಟ್ಟು. ಅದಕ್ಕೆ ತಾಮ್ರದ ತಂತಿ ಸುತ್ತಿರುತ್ತದೆ, ತುದಿಯಲ್ಲಿ ಸಣ್ಣ ದಾರಗಳಿರುತ್ತವೆ. ತಾಮ್ರದ ಕಣಗಳು ವೀರ್ಯಾಣುಗಳ ಚಲನೆಯನ್ನು ಕುಂಠಿತಗೊಳಿಸಿ ಅವು ಅಂಡಾಣುವನ್ನು ತಲುಪದಂತೆ ಮಾಡುತ್ತವೆ. ಹಾರ್ಮೋನಿನ ಗೊಡವೆಯೇ ಇಲ್ಲ. ಟಿ-380ಎ ಎಂಬ ಮಾದರಿ ಹತ್ತು ವರ್ಷ ಕೆಲಸ ಮಾಡುತ್ತದೆ, ಬೇಡವೆನಿಸಿದ ದಿನ ದಾರ ಹಿಡಿದು ತೆಗೆಸಿದರೆ ಮುಂದಿನ ತಿಂಗಳೇ ಗರ್ಭ ನಿಲ್ಲಬಹುದು. ಹೆರಿಗೆಯಾಗದವರಲ್ಲಿ ಹಾಕುವಾಗ ನೋವು ಸ್ವಲ್ಪ ಹೆಚ್ಚು, ಹೊರಬೀಳುವ ಸಂಭವವೂ ತುಸು ಹೆಚ್ಚಿರಬಹುದು, ಅಷ್ಟೇ. ‘ಹೆರಿಗೆಯಾದವರಿಗೆ ಮಾತ್ರ’ ಎಂಬ ಅಭಿಪ್ರಾಯ ಬೇರೂರಲು 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾರಾಟವಾದ ಡಾಲ್ಕನ್ ಶೀಲ್ಡ್ ಎಂಬ ಸಾಧನವೂ ಒಂದು ಕಾರಣ. ಹಲವು ಎಳೆಗಳಿಂದ ಕೂಡಿದ ಅದರ ದಾರದ ಮೂಲಕ ಸೋಂಕು ಮೇಲೇರಿ ಅನೇಕರ ಗರ್ಭಕೋಶ, ಗರ್ಭನಾಳಗಳಿಗೆ ಹಾನಿಯಾಯಿತು. ಇಂದಿನ ಸಾಧನಗಳದ್ದು ಒಂಟಿ ಎಳೆಯ ದಾರ. ಸೋಂಕಿನ ಅಪಾಯ ಹಾಕಿಸಿಕೊಂಡ ಮೊದಲ ಮೂರು ವಾರಗಳಲ್ಲಿ ಸ್ವಲ್ಪ ಹೆಚ್ಚಿದ್ದು ನಂತರ ಇಳಿಯುತ್ತದೆ. ಈಗಾಗಲೇ ಸೋಂಕಿದ್ದರೆ ಅದನ್ನು ಗುಣಪಡಿಸಿದ ಮೇಲೆಯೇ ಹಾಕಬೇಕು. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ಸ್ರಾವ ಹೆಚ್ಚಾಗಿ, ಹೊಟ್ಟೆನೋವೂ ಹೆಚ್ಚಬಹುದು. ಈಗಲೇ ವಿಪರೀತ ಸ್ರಾವವಿದ್ದವರಿಗೆ ನಾನು ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಹಾಗಾದರೆ ನಿಮಗೆ ಯಾವುದು? ಎರಡು ಮೂರು ವರ್ಷದ ಅಂತರ, ಯಾವ ಕಾಯಿಲೆಯನ್ನೂ ನೀವು ತಿಳಿಸಿಲ್ಲ. ಹಾಗಾಗಿ ಮಾತ್ರೆಯೂ ಆಗುತ್ತದೆ, ಕಾಪರ್-ಟಿಯೂ ಆಗುತ್ತದೆ, ತೋಳಿನ ಕಡ್ಡಿಯೂ ಆಗುತ್ತದೆ. ರಾತ್ರಿ ಪಾಳಿ, ಪ್ರಯಾಣಗಳಿಂದ ದಿನಚರಿ ಏರುಪೇರಾಗುವ ಕೆಲಸ ನಿಮ್ಮದಾಗಿದ್ದರೆ ಮಾತ್ರೆಯ ಬದಲು ಉಳಿದೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಚುಚ್ಚುಮದ್ದನ್ನು ಮಾತ್ರ ಈ ಹಂತದಲ್ಲಿ ಬಿಡಿ: ಅದರಿಂದ ಶಾಶ್ವತ ಬಂಜೆತನ ಬಾರದಿದ್ದರೂ, ನಿಲ್ಲಿಸಿದ ಮೇಲೆ ಗರ್ಭ ನಿಲ್ಲುವುದು ಉಳಿದ ವಿಧಾನಗಳಿಗಿಂತ ಕೆಲವು ತಿಂಗಳು ತಡವಾಗುತ್ತದೆ, ಕೊನೆಯ ಚುಚ್ಚುಮದ್ದಿನಿಂದ ಲೆಕ್ಕ ಹಾಕಿದರೆ ಸರಾಸರಿ ಹತ್ತು ತಿಂಗಳು. ಮಗು ಬೇಕೆಂದು ನಿರ್ಧರಿಸಿದ ಮೇಲೆ ಕಾಯುವ ಆ ತಿಂಗಳುಗಳು ಅನಗತ್ಯ ಚಿಂತೆಗೆ ದಾರಿ ಮಾಡುತ್ತವೆ.

ಪ್ರಶ್ನೆ: ಮುಟ್ಟಿನ ಮೊದಲ ಹತ್ತು ದಿನ, ಕೊನೆಯ ಹತ್ತು ದಿನ ‘ಸೇಫ್’ ಎಂದು ನನ್ನ ಪತಿ ಹೇಳುತ್ತಾರೆ. ಮೊಬೈಲಿನ ಆ್ಯಪ್ ಕೂಡ ಹಸಿರು, ಕೆಂಪು ಬಣ್ಣಗಳಲ್ಲಿ ದಿನಗಳನ್ನು ತೋರಿಸುತ್ತದೆ. ನನ್ನ ಮುಟ್ಟು ಕೆಲವು ಸಲ 25 ದಿನಕ್ಕೆ, ಕೆಲವು ಸಲ 36 ದಿನಕ್ಕೆ ಬರುತ್ತದೆ. ಇದನ್ನು ನಂಬಬಹುದೇ?

ಉತ್ತರ: ನಿಮ್ಮ ವಿಷಯದಲ್ಲಿ ನಂಬಬಾರದು. ಅಂಡಾಣು ಬಿಡುಗಡೆಯಾದ ಬಳಿಕ 12ರಿಂದ 24 ಗಂಟೆಗಳ ಕಾಲ ಮಾತ್ರ ಬದುಕುತ್ತದೆ, ಆದರೆ ವೀರ್ಯಾಣುಗಳು ಹೆಣ್ಣಿನ ದೇಹದೊಳಗೆ ಐದು ದಿನಗಳವರೆಗೂ ಉಳಿಯಬಲ್ಲವು. ಆದ್ದರಿಂದ ಅಂಡೋತ್ಪತ್ತಿಗೆ ಮುಂಚಿನ ಐದು ದಿನಗಳು ಮತ್ತು ಆ ದಿನ ಗರ್ಭ ನಿಲ್ಲುವ ದಿನಗಳು. ತೊಡಕಿರುವುದು ಅಂಡೋತ್ಪತ್ತಿಯ ದಿನವನ್ನು ಮುಂಚಿತವಾಗಿ ತಿಳಿಯುವುದರಲ್ಲಿ. ಅದು ಕಳೆದ ಮುಟ್ಟಿನಿಂದ ಹದಿನಾಲ್ಕನೆಯ ದಿನವಲ್ಲ, ಬರಲಿರುವ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಹಿಂದಿನದು. 25 ದಿನದ ತಿಂಗಳಲ್ಲಿ ನಿಮ್ಮ ಅಂಡೋತ್ಪತ್ತಿ ಹನ್ನೊಂದನೆಯ ದಿನದ ಹೊತ್ತಿಗೆ ಆಗುತ್ತದೆ, ಅಂದರೆ ಆರನೆಯ ದಿನದ ಸಂಪರ್ಕದಿಂದಲೂ ಗರ್ಭ ನಿಲ್ಲಬಹುದು. 36 ದಿನದ ತಿಂಗಳಲ್ಲಿ ಅದು ಇಪ್ಪತ್ತೆರಡನೆಯ ದಿನದ ಹೊತ್ತಿಗೆ ಆಗುತ್ತದೆ. ಈ ತಿಂಗಳು ಯಾವ ಬಗೆಯದು ಎಂದು ಮುಟ್ಟು ಬಂದ ಮೇಲಷ್ಟೇ ಗೊತ್ತಾಗುತ್ತದೆ. ಆ್ಯಪಿಗೆ ಗೊತ್ತಿರುವುದು ಕಳೆದ ತಿಂಗಳುಗಳ ಸರಾಸರಿ ಮಾತ್ರ.

ಪ್ರತಿ ಸಲವೂ 26ರಿಂದ 32 ದಿನಗಳ ನಡುವೆಯೇ ಮುಟ್ಟಾಗುವವರು 8ನೆಯ ದಿನದಿಂದ 19ನೆಯ ದಿನದವರೆಗೆ ಸಂಪರ್ಕವನ್ನು ಬಿಡುವ, ಇಲ್ಲವೇ ಕಾಂಡೋಮ್ ಬಳಸುವ ಕ್ರಮವೊಂದಿದೆ. ಶಿಸ್ತಿನಿಂದ ಪಾಲಿಸಿದವರಿಗೆ ಅದು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ನಿಮ್ಮ ಮುಟ್ಟು ಆ ಮಿತಿಯಿಂದ ಎರಡೂ ಕಡೆ ಹೊರಗಿದೆ. ಕಡೆಯ ಕ್ಷಣದಲ್ಲಿ ಹೊರಗೆ ತೆಗೆಯುವ ಪದ್ಧತಿಯ ಬಗ್ಗೆಯೂ ಹಲವರು ಕೇಳಿದ್ದಾರೆ: ಅದನ್ನೇ ನೆಚ್ಚಿದ ನೂರು ದಂಪತಿಗಳಲ್ಲಿ ವರ್ಷಕ್ಕೆ ಸುಮಾರು 20 ಮಂದಿಗೆ ಗರ್ಭ ನಿಲ್ಲುತ್ತದೆ.

ಪ್ರಶ್ನೆ: ಹೆರಿಗೆಯಾಗಿ ನಾಲ್ಕು ತಿಂಗಳಾಯಿತು. ಮಗುವಿಗೆ ಎದೆಹಾಲು ಕೊಡುತ್ತಿದ್ದೇನೆ, ರಾತ್ರಿ ಮಾತ್ರ ಒಂದು ಸಲ ಬಾಟಲಿ ಹಾಲು ಕೊಡುತ್ತೇವೆ. ಇನ್ನೂ ಮುಟ್ಟಾಗಿಲ್ಲ. ಹಾಲೂಡಿಸುವಾಗ ಗರ್ಭ ನಿಲ್ಲುವುದಿಲ್ಲ ಎಂದು ಅಮ್ಮ ಹೇಳುತ್ತಾರೆ. ನಿಜವೇ? ಮಾತ್ರೆ ತೆಗೆದುಕೊಂಡರೆ ಹಾಲು ಬತ್ತುತ್ತದೆಯೇ?

ಉತ್ತರ: ನಿಮ್ಮ ಅಮ್ಮನ ಮಾತಿನಲ್ಲಿ ಸತ್ಯವಿದೆ, ಆದರೆ ಅದು ಮೂರು ಷರತ್ತುಗಳಿಗೆ ಒಳಪಟ್ಟ ಸತ್ಯ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹೆರಿಗೆಯ ನಂತರ ಮುಟ್ಟು ಮರಳಿರಬಾರದು, ಹಗಲೂ ರಾತ್ರಿಯೂ ಎದೆಹಾಲನ್ನೇ ಕೊಡುತ್ತಿರಬೇಕು. ಮೂರೂ ಒಟ್ಟಿಗೆ ಇದ್ದಾಗ ನೂರು ತಾಯಂದಿರಲ್ಲಿ ಗರ್ಭ ನಿಲ್ಲುವುದು ಹೆಚ್ಚೆಂದರೆ ಇಬ್ಬರಿಗೆ. ರಾತ್ರಿಯ ಬಾಟಲಿಯಿಂದಾಗಿ ಮೂರನೆಯ ಷರತ್ತು ನಿಮ್ಮಲ್ಲಿ ಸಡಿಲವಾಗಿದೆ. ಎದೆ ಚೀಪುವುದರ ನಡುವೆ ದೀರ್ಘ ಬಿಡುವು ಬಂದಷ್ಟೂ ಅಂಡಾಶಯ ಮತ್ತೆ ಕೆಲಸ ಆರಂಭಿಸುವ ಸಂಭವ ಹೆಚ್ಚುತ್ತದೆ. ಮುಟ್ಟು ಬಂದ ಮೇಲೆ ನೋಡೋಣವೆಂದು ಕಾಯಬೇಡಿ. ಮೊದಲ ಅಂಡಾಣು ಮೊದಲ ಮುಟ್ಟಿಗಿಂತ ಮುಂಚೆಯೇ ಬಿಡುಗಡೆಯಾಗಬಹುದಾದ್ದರಿಂದ, ಬಾಣಂತನ ಮುಗಿದು ಒಮ್ಮೆಯೂ ಮುಟ್ಟಾಗದೆ ಮತ್ತೆ ಬಸಿರಾದವರು ಬಹಳ ಮಂದಿ ಇದ್ದಾರೆ.

ಹಾಲಿನ ಚಿಂತೆ ಈಸ್ಟ್ರೋಜೆನ್ ಇರುವ ಮಾತ್ರೆಗಳ ಮಟ್ಟಿಗೆ ಸರಿ. ಹೆರಿಗೆಯಾದ ಮೊದಲ ಆರು ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇರುವುದರಿಂದ ಹಾಲೂಡಿಸುವವರಿಗೆ ಅವನ್ನು ಕೊಡುವಂತಿಲ್ಲ. ಆರು ತಿಂಗಳವರೆಗೂ ಬೇರೆ ಆಯ್ಕೆ ಇರುವಾಗ ಕೊಡುವುದಿಲ್ಲ. ಪ್ರೊಜೆಸ್ಟೋಜೆನ್ ಎಂಬ ಇನ್ನೊಂದು ಹಾರ್ಮೋನು ಮಾತ್ರ ಇರುವ ಮಾತ್ರೆ, ಚುಚ್ಚುಮದ್ದು, ತೋಳಿನ ಕಡ್ಡಿ ಇವುಗಳಿಂದ ಹಾಲು ಕಡಿಮೆಯಾಗುವುದಿಲ್ಲ, ಇವೆಲ್ಲವನ್ನೂ ನೀವು ಈಗ ಆರಂಭಿಸಬಹುದು. ಈ ಮಾತ್ರೆಯಲ್ಲಿ ಹೊತ್ತಿನ ನಿಯಮ ಬಿಗಿ: ಹಳೆಯ ಬಗೆಯವುಗಳಲ್ಲಿ ಮೂರು ಗಂಟೆ ತಡವಾದರೂ ರಕ್ಷಣೆ ಸಡಿಲವಾಗುತ್ತದೆ, ಡೆಸೊಜೆಸ್ಟ್ರೆಲ್ ಇರುವ ಮಾತ್ರೆಯಾದರೆ ಹನ್ನೆರಡು ಗಂಟೆಯವರೆಗೆ ಅವಕಾಶವಿದೆ. ಮಗುವಿನ ಅಳುವಿಗೆ ತಕ್ಕಂತೆ ನಿದ್ದೆ, ಊಟ ನಡೆಯುವ ಈ ದಿನಗಳಲ್ಲಿ ಗಡಿಯಾರ ನೋಡಿ ಮಾತ್ರೆ ನುಂಗುವುದು ಎಷ್ಟರಮಟ್ಟಿಗೆ ಸಾಧ್ಯ ಎಂಬುದನ್ನು ನೀವೇ ಬಲ್ಲಿರಿ. ನಿಮ್ಮಂಥವರಿಗೆ ನಾನು ಕಾಪರ್-ಟಿಯನ್ನೇ ಸೂಚಿಸುತ್ತೇನೆ. ಹೆರಿಗೆಯಾದ 48 ಗಂಟೆಗಳೊಳಗೆ ಅಥವಾ ನಾಲ್ಕು ವಾರ ಕಳೆದ ಮೇಲೆ ಅದನ್ನು ಹಾಕಬಹುದು, ಸಿಸೇರಿಯನ್ ಆಗಿದ್ದರೂ ಅಡ್ಡಿಯಿಲ್ಲ. ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡರೆ ಮುಟ್ಟಾಗುವವರೆಗೆ ಕಾಯಬೇಕಾಗಿಲ್ಲ.

ಪ್ರಶ್ನೆ: ವಯಸ್ಸು 37. ಒಂದು ಮಗು ಇದೆ. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗಿ ಹಿಮೋಗ್ಲೋಬಿನ್ ಕಡಿಮೆಯಾಗಿದೆ. ಸ್ರಾವವೂ ಹತೋಟಿಗೆ ಬರುತ್ತದೆ, ಗರ್ಭವೂ ನಿಲ್ಲುವುದಿಲ್ಲ ಎಂದು ಪರಿಚಿತರೊಬ್ಬರು ತಾವು ನುಂಗುವ ಮಾತ್ರೆಯನ್ನೇ ತೆಗೆದುಕೊಳ್ಳಲು ಹೇಳಿದ್ದಾರೆ. ನನಗೆ ಆಗಾಗ ಅರೆತಲೆನೋವು ಬರುತ್ತದೆ. ಬರುವ ಮುಂಚೆ ಕಣ್ಣ ಮುಂದೆ ಬೆಳಕಿನ ಗೆರೆಗಳು ಕುಣಿಯುತ್ತವೆ. ತೆಗೆದುಕೊಳ್ಳಬಹುದೇ?

ಉತ್ತರ: ಆ ಮಾತ್ರೆಯನ್ನು ದಯವಿಟ್ಟು ಮುಟ್ಟಬೇಡಿ. ನಿಮ್ಮ ಪತ್ರದ ಕೊನೆಯ ಸಾಲನ್ನು ನೀವು ಬರೆಯದೆ ಹೋಗಿದ್ದರೆ ನನ್ನ ಉತ್ತರವೇ ಬೇರೆಯಾಗುತ್ತಿತ್ತು. ದೃಷ್ಟಿಯ ನಡುವೆ ಸಣ್ಣ ಮಸುಕು ಚುಕ್ಕೆಯೊಂದು ಕಾಣಿಸಿ, ಅದರ ಅಂಚಿನಲ್ಲಿ ಮಿನುಗುವ ಅಂಕುಡೊಂಕು ಗೆರೆಗಳು ಮೂಡಿ, ನಿಧಾನವಾಗಿ ಒಂದು ಬದಿಗೆ ಹರಡಿ, ಒಂದು ಗಂಟೆಯೊಳಗೆ ಮಾಯವಾಗಿ ಆ ಬಳಿಕ ತಲೆನೋವು ಹಿಡಿಯುವುದಾದರೆ ಅದು ಔರಾ ಸಹಿತ ಮೈಗ್ರೇನ್. ಇಂಥವರಲ್ಲಿ ಮಿದುಳಿನ ಪಾರ್ಶ್ವವಾಯುವಿನ ಅಪಾಯ ಮೊದಲೇ ತುಸು ಹೆಚ್ಚಿರುತ್ತದೆ, ಈಸ್ಟ್ರೋಜೆನ್ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಈಸ್ಟ್ರೋಜೆನ್ ಸೇರಿದ ಮಾತ್ರೆಯನ್ನು ಇವರಿಗೆ ಯಾವ ವಯಸ್ಸಿನಲ್ಲೂ ಕೊಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಹಾಗೆಯೇ 35 ದಾಟಿ ಧೂಮಪಾನ ಮಾಡುವವರು, ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿರುವವರು, ಹಿಂದೆ ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಸ್ತನ ಕ್ಯಾನ್ಸರ್ ಅಥವಾ ತೀವ್ರ ಯಕೃತ್ತಿನ ಕಾಯಿಲೆ ಇರುವವರು ಅದರಿಂದ ದೂರವಿರಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ನುಂಗುವವರಲ್ಲಿ ಮಾತ್ರೆಯ ಬಲವೇ ಕುಗ್ಗುತ್ತದೆ. ಸಾಮಾನ್ಯ ಆ್ಯಂಟಿಬಯಾಟಿಕ್‌ಗಳಿಂದ ಹಾಗಾಗುವುದಿಲ್ಲ.

ಇದನ್ನು ಓದಿ ಆರೋಗ್ಯವಂತ ಓದುಗರು ಮಾತ್ರೆಯ ಎಲೆಯನ್ನು ಎಸೆಯುವ ಅಗತ್ಯವಿಲ್ಲ. ಮಾತ್ರೆ ನುಂಗದ ಹತ್ತು ಸಾವಿರ ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಬಂದರೆ, ಮಾತ್ರೆ ನುಂಗುವವರಲ್ಲಿ, ಅದರ ಬಗೆಯನ್ನವಲಂಬಿಸಿ, ಐದರಿಂದ ಹನ್ನೆರಡು ಮಂದಿಗೆ ಬರುತ್ತದೆ. ಗರ್ಭಿಣಿಯರಲ್ಲಿ ಮತ್ತು ಬಾಣಂತಿಯರಲ್ಲಿ ಈ ಅಪಾಯ ಅದಕ್ಕಿಂತಲೂ ಹೆಚ್ಚು. ಅಂಡಾಶಯದ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗಳ ಸಂಭವವನ್ನು ಮಾತ್ರೆ ತಗ್ಗಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಒಂದು ಕಾಲಿನ ಮೀನಖಂಡದಲ್ಲಿ ಮಾತ್ರ ಊತ ಮತ್ತು ನೋವು, ಹಠಾತ್ ಎದೆನೋವು, ಉಬ್ಬಸ, ದೃಷ್ಟಿ ಮಂಕಾಗುವುದು, ಎಂದೂ ಬಾರದಂಥ ತಲೆನೋವು ಇವುಗಳಲ್ಲಿ ಯಾವುದು ಕಾಣಿಸಿದರೂ ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು.

ನಿಮಗೆ ಹೊಂದುವುದು ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನನ್ನು ಸೂಸುವ ಐಯುಡಿ ಎಂದು ನನ್ನ ಅಭಿಪ್ರಾಯ. ನೋಡಲು ಕಾಪರ್-ಟಿಯಂತೆಯೇ ಇರುತ್ತದೆ. ತಾಮ್ರದ ಬದಲು ಅದರ ಕಾಂಡದಲ್ಲಿ 52 ಮಿಲಿಗ್ರಾಂ ಹಾರ್ಮೋನು ಇದ್ದು, ಆರಂಭದಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಪ್ರಮಾಣದಲ್ಲಿ ಗರ್ಭಕೋಶದೊಳಗೇ ಹೊರಬರುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಅದರಲ್ಲಿ ಈಸ್ಟ್ರೋಜೆನ್ ಇಲ್ಲ. ಗರ್ಭಕೋಶದ ಒಳಪದರ ತೆಳುವಾಗುವುದರಿಂದ ಸ್ರಾವ ತುಂಬಾ ಇಳಿದು ಹಿಮೋಗ್ಲೋಬಿನ್ ಏರುತ್ತದೆ. ಮೊದಲ ಮೂರರಿಂದ ಆರು ತಿಂಗಳು ಹನಿಹನಿಯಾಗಿ ರಕ್ತ ಕಾಣಿಸುವುದುಂಟು. ಇದನ್ನು ಮೊದಲೇ ಹೇಳದೆ ಹಾಕಿದರೆ ‘ಹಾಳಾಗಿದೆ’ ಎಂದು ಭಾವಿಸಿ ತೆಗೆಸಿಕೊಂಡುಬಿಡುತ್ತಾರೆ. ವರ್ಷದ ಹೊತ್ತಿಗೆ ಐವರಲ್ಲಿ ಒಬ್ಬರಿಗೆ ಮುಟ್ಟೇ ನಿಲ್ಲಬಹುದು. ಕೆಟ್ಟ ರಕ್ತ ಒಳಗೆ ಕಟ್ಟಿಕೊಳ್ಳುತ್ತದೆ ಎಂಬ ಅಂಜಿಕೆ ಬೇಡ; ಕಟ್ಟಿಕೊಳ್ಳಲು ಅಲ್ಲಿ ರಕ್ತ ತಯಾರಾಗಿಯೇ ಇರುವುದಿಲ್ಲ. ಆದರೆ 37ರಲ್ಲಿ ಇಷ್ಟೊಂದು ಸ್ರಾವವಾಗುವುದಕ್ಕೆ ಗಡ್ಡೆ, ಥೈರಾಯ್ಡ್ ಮುಂತಾದ ಕಾರಣಗಳಿರಬಹುದು. ಅದನ್ನು ಪರೀಕ್ಷಿಸಿ ತಿಳಿದ ಮೇಲೆಯೇ ಐಯುಡಿಯ ಮಾತು.

ಪ್ರಶ್ನೆ: ಎರಡು ತಿಂಗಳಲ್ಲಿ ಮೂರು ಸಲ ತುರ್ತು ಮಾತ್ರೆ ನುಂಗಿದ್ದೇನೆ. ಈ ಸಲ ಮುಟ್ಟು ಒಂಬತ್ತು ದಿನ ತಡವಾಗಿದೆ. ಗರ್ಭಕೋಶಕ್ಕೆ ಏನಾದರೂ ಆಗಿರಬಹುದೇ? ವಯಸ್ಸು 22.

ಉತ್ತರ: ಮೊದಲು ಮನೆಯಲ್ಲೇ ಮೂತ್ರದ ಗರ್ಭಪರೀಕ್ಷೆ ಮಾಡಿಕೊಳ್ಳಿ. ಮುಟ್ಟು ಒಂದು ವಾರಕ್ಕಿಂತ ತಡವಾದಾಗ ಮಾಡಬೇಕಾದ ಮೊದಲ ಕೆಲಸ ಅದು. ಫಲಿತಾಂಶ ನೆಗೆಟಿವ್ ಬಂದರೆ ಈ ವಿಳಂಬಕ್ಕೆ ಮಾತ್ರೆಯೇ ಕಾರಣವಿರಬಹುದು. ತುರ್ತು ಮಾತ್ರೆ ನುಂಗಿದ ತಿಂಗಳು ಮುಟ್ಟು ಹಿಂದುಮುಂದಾಗುವುದು ಸಾಮಾನ್ಯ. ಕೊನೆಯ ಸಂಪರ್ಕವಾಗಿ ಮೂರು ವಾರ ಕಳೆದಿರದಿದ್ದರೆ, ಕಳೆದ ಮೇಲೆ ಇನ್ನೊಮ್ಮೆ ಪರೀಕ್ಷಿಸಿಕೊಳ್ಳಿ. ಗರ್ಭಕೋಶಕ್ಕೆ ಏನೂ ಆಗಿರುವುದಿಲ್ಲ, ಮುಂದೆ ಮಕ್ಕಳಾಗುವುದಕ್ಕೂ ತೊಂದರೆಯಿಲ್ಲ.

ತುರ್ತು ಮಾತ್ರೆ ಗರ್ಭಪಾತದ ಮಾತ್ರೆಯಲ್ಲ, ಎರಡನ್ನೂ ಒಂದೇ ಎಂದು ತಿಳಿದವರು ಬಹಳ. 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ ಈ ಮಾತ್ರೆ ಅಂಡಾಣುವಿನ ಬಿಡುಗಡೆಯನ್ನು ಮುಂದೂಡುತ್ತದೆ, ಅಷ್ಟೇ ಅದರ ಕೆಲಸ. ಅಂಡಾಣು ಆಗಲೇ ಬಿಡುಗಡೆಯಾಗಿದ್ದರೆ ಅದು ನಿಷ್ಪ್ರಯೋಜಕ, ನಿಂತ ಗರ್ಭವನ್ನು ಅದು ತೆಗೆಯಲಾರದು. ಸಂಪರ್ಕವಾದ 72 ಗಂಟೆಗಳೊಳಗೆ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ, ನುಂಗಬೇಕು. ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದನ್ನು ನುಂಗಬೇಕು. ಯುಲಿಪ್ರಿಸ್ಟಲ್ ಎಂಬ ಇನ್ನೊಂದು ಮಾತ್ರೆಗೆ 120 ಗಂಟೆಗಳ ಅವಕಾಶವಿದೆ. ಎರಡಕ್ಕಿಂತಲೂ ಖಚಿತವಾದ ಉಪಾಯ ಐದು ದಿನಗಳೊಳಗೆ ಕಾಪರ್-ಟಿ ಹಾಕಿಸಿಕೊಳ್ಳುವುದು. ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ, ಗೊತ್ತಿದ್ದ ವೈದ್ಯರಲ್ಲೂ ಎಷ್ಟೋ ಮಂದಿ ಹೇಳುವುದಿಲ್ಲ.

ತುರ್ತು ಮಾತ್ರೆಯನ್ನು ಮತ್ತೆ ಮತ್ತೆ ನುಂಗುವುದು ವಿಷಪ್ರಾಯವಲ್ಲದಿದ್ದರೂ ಲಾಭದ ಬಾಬತ್ತಲ್ಲ. ದಿನನಿತ್ಯದ ಮಾತ್ರೆಗಿಂತ ಅದರ ರಕ್ಷಣೆ ಕಡಿಮೆ, ಒಂದು ಸಲ ನುಂಗಿದ್ದು ಆ ನಂತರದ ಸಂಪರ್ಕಕ್ಕೆ ರಕ್ಷಣೆಯನ್ನೂ ಕೊಡುವುದಿಲ್ಲ. ಎರಡು ತಿಂಗಳಲ್ಲಿ ಮೂರು ಸಲ ಬೇಕಾಗಿದೆಯೆಂದರೆ ನಿಮಗೆ ನಿಯಮಿತ ವಿಧಾನವೊಂದು ಬೇಕೆಂದೇ ಅರ್ಥ. ಗರ್ಭವಿಲ್ಲವೆಂದು ಖಚಿತವಾದ ಕೂಡಲೇ ಅದನ್ನು ಆರಂಭಿಸಿ. ನೀವು ಮದುವೆಯಾಗಿರುವಿರೋ ಇಲ್ಲವೋ ಬರೆದಿಲ್ಲ, ನನಗೆ ಅದು ಬೇಕಾಗಿಯೂ ಇಲ್ಲ. ಆದರೆ ಯಾವ ಮಾತ್ರೆಯಾಗಲಿ, ಐಯುಡಿಯಾಗಲಿ ಲೈಂಗಿಕ ಸೋಂಕುಗಳನ್ನು ತಡೆಯುವುದಿಲ್ಲ ಎಂಬುದನ್ನು ಮಾತ್ರ ಹೇಳಲೇಬೇಕು. ಆ ಕೆಲಸ ಕಾಂಡೋಮಿನದು. ಸಂಗಾತಿಯ ಆರೋಗ್ಯದ ಬಗ್ಗೆ ಖಚಿತವಿಲ್ಲದವರು ಬೇರೆ ವಿಧಾನದ ಜೊತೆಗೆ ಅದನ್ನೂ ಇಟ್ಟುಕೊಳ್ಳಬೇಕು.

ಪ್ರಶ್ನೆ: ನನಗೆ 39, ಪತ್ನಿಗೆ 35. ಇಬ್ಬರು ಮಕ್ಕಳು, ಇನ್ನು ಬೇಡ. ಎರಡೂ ಹೆರಿಗೆ ಸಿಸೇರಿಯನ್. ಈಗ ಆಪರೇಷನ್ ಮಾಡಿಸಿಕೊಳ್ಳಲು ಎಲ್ಲರೂ ಅವಳಿಗೇ ಹೇಳುತ್ತಿದ್ದಾರೆ. ನಾನೇ ಮಾಡಿಸಿಕೊಳ್ಳೋಣವೆಂದರೆ ಗಂಡಸಿಗೆ ಶಕ್ತಿ ಹೋಗುತ್ತದೆ, ಭಾರ ಎತ್ತಲಾಗುವುದಿಲ್ಲ ಎನ್ನುತ್ತಾರೆ.

ಉತ್ತರ: ಇಂಥ ಪತ್ರಗಳು ವಿರಳ, ಬಂದಾಗ ಸಂತೋಷವಾಗುತ್ತದೆ. ವೃಷಣಕ್ಕೆ ಎರಡು ಕೆಲಸಗಳಿವೆ. ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನನ್ನು ಅದು ನೇರವಾಗಿ ರಕ್ತಕ್ಕೆ ಬಿಡುತ್ತದೆ. ವೀರ್ಯಾಣುಗಳನ್ನು ಎರಡು ಸಣ್ಣ ನಾಳಗಳ ಮೂಲಕ ಕಳಿಸುತ್ತದೆ. ವಾಸೆಕ್ಟಮಿ ಎಂಬ ಪುರುಷರ ಶಸ್ತ್ರಚಿಕಿತ್ಸೆಯಲ್ಲಿ ತುಂಡರಿಸುವುದು ಆ ನಾಳಗಳನ್ನು ಮಾತ್ರ. ರಕ್ತಕ್ಕೆ ಸೇರುವ ಹಾರ್ಮೋನಿಗೆ ಆ ದಾರಿಯ ಹಂಗಿಲ್ಲವಾದ್ದರಿಂದ ಕಾಮಾಸಕ್ತಿ, ನಿಮಿರುವಿಕೆ, ಮೈಯ ಬಲ, ಮೀಸೆ, ದನಿ ಯಾವುದೂ ಬದಲಾಗುವುದಿಲ್ಲ. ಸ್ಖಲನವೂ ಎಂದಿನಂತೆಯೇ ಆಗುತ್ತದೆ. ವೀರ್ಯದ್ರವದಲ್ಲಿ ವೀರ್ಯಾಣುಗಳ ಪಾಲು ಬಹಳ ಚಿಕ್ಕದಾದ್ದರಿಂದ ಪ್ರಮಾಣದಲ್ಲಿ ವ್ಯತ್ಯಾಸ ಕಾಣದು. ಭಾರ ಎತ್ತುವ ಮಾತು ಶಸ್ತ್ರಚಿಕಿತ್ಸೆಯ ನಂತರದ ಸುಮಾರು ಒಂದು ವಾರಕ್ಕೆ ಮಾತ್ರ ಅನ್ವಯಿಸುತ್ತದೆ.

ಚೀನಾದ ಲಿ ಶುನ್‌ಚಿಯಾಂಗ್ ಎಂಬ ವೈದ್ಯರು 1974ರಲ್ಲಿ ರೂಪಿಸಿದ, ಈಗ ಜಗತ್ತಿನಾದ್ಯಂತ ಬಳಕೆಯಲ್ಲಿರುವ ವಿಧಾನದಲ್ಲಿ ಚಾಕು ಬೇಕಾಗುವುದಿಲ್ಲ. ಆ ಭಾಗವನ್ನಷ್ಟೇ ಮರಗಟ್ಟಿಸಿ, ಚೂಪಾದ ಉಪಕರಣದಿಂದ ಚರ್ಮದಲ್ಲಿ ಚಿಕ್ಕ ರಂಧ್ರ ಮಾಡಿ, ನಾಳವನ್ನು ಹೊರಗೆಳೆದು ಕತ್ತರಿಸಿ ಕಟ್ಟುತ್ತಾರೆ. ಹೊಲಿಗೆಯೂ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅರ್ಧ ಗಂಟೆಯೊಳಗೆ ಮುಗಿದು ಅಂದೇ ಮನೆಗೆ ಹೋಗಬಹುದು. ಕೆಲವು ದಿನ ಊತ, ನೋವು ಇರುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ನೋವು ದೀರ್ಘಕಾಲ ಉಳಿಯುವುದೂ ಉಂಟು, ಅದನ್ನು ಮುಚ್ಚಿಡಬಾರದು. ಇದರೊಂದಿಗೆ ಹೋಲಿಸಿದರೆ ಮಹಿಳೆಯರ ಶಸ್ತ್ರಚಿಕಿತ್ಸೆಗೆ ಹೊಟ್ಟೆಯೊಳಗೆ ಪ್ರವೇಶಿಸಬೇಕು, ಅರಿವಳಿಕೆಯೂ ಹೆಚ್ಚಿನದು ಬೇಕು. ಎರಡು ಸಿಸೇರಿಯನ್‌ಗಳಿಂದ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಅದು ಇನ್ನಷ್ಟು ಕಷ್ಟವಾಗುತ್ತದೆ. ಎರಡನೆಯ ಸಿಸೇರಿಯನ್ ವೇಳೆಯಲ್ಲೇ ಮಾಡಿಸಿದ್ದರೆ ಮಾತು ಬೇರೆ ಇತ್ತು. ಈಗ ಅದಕ್ಕಾಗಿಯೇ ಅವರ ಹೊಟ್ಟೆಯನ್ನು ಮತ್ತೆ ತೆರೆಯುವುದಕ್ಕೆ, ನೀವು ಸಿದ್ಧರಿರುವಾಗ, ವೈದ್ಯಕೀಯ ಕಾರಣವೇನೂ ನನಗೆ ಕಾಣುವುದಿಲ್ಲ.

ಎರಡು ಎಚ್ಚರಿಕೆಗಳಿವೆ. ವಾಸೆಕ್ಟಮಿಯಾದ ಮರುದಿನದಿಂದಲೇ ರಕ್ಷಣೆ ಸಿಗುವುದಿಲ್ಲ. ಕತ್ತರಿಸಿದ ಜಾಗದಿಂದ ಮುಂದಕ್ಕೆ ಉಳಿದಿರುವ ವೀರ್ಯಾಣುಗಳು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕಾಂಡೋಮ್ ಇಲ್ಲವೇ ಬೇರೆ ವಿಧಾನ ಇರಲೇಬೇಕು. ಆ ಬಳಿಕ ವೀರ್ಯ ಪರೀಕ್ಷೆ ಮಾಡಿಸಿ ವೀರ್ಯಾಣುಗಳಿಲ್ಲವೆಂಬ ವರದಿ ಕೈಗೆ ಬಂದ ಮೇಲೆಯೇ ನಿಶ್ಚಿಂತೆ. ಈ ಪರೀಕ್ಷೆಯನ್ನು ಬಿಟ್ಟುಬಿಟ್ಟು, ಪತ್ನಿ ಗರ್ಭಿಣಿಯಾದಾಗ ಅವರ ನಡತೆಯನ್ನೇ ಶಂಕಿಸಿದ ಪ್ರಸಂಗಗಳಿವೆ. ಒಂದು ಪರೀಕ್ಷೆಯ ಸೋಮಾರಿತನಕ್ಕೆ ಅದು ತೀರ ಕ್ರೂರವಾದ ಬೆಲೆ. ಇನ್ನೊಂದು, ಇದನ್ನು ಶಾಶ್ವತವೆಂದೇ ಭಾವಿಸಬೇಕು. ನಾಳಗಳನ್ನು ಮರುಜೋಡಿಸುವ ಶಸ್ತ್ರಚಿಕಿತ್ಸೆ ಇದ್ದರೂ ಅದು ಫಲಿಸುವ ಖಾತರಿಯಿಲ್ಲ. ‘ಬೇಕಾದರೆ ಮುಂದೆ ತೆರೆಸಿದರಾಯಿತು’ ಎಂಬ ಯೋಚನೆ ಮನಸ್ಸಿನ ಮೂಲೆಯಲ್ಲಿದ್ದರೂ ಈಗ ಕಾಪರ್-ಟಿಯಂಥ ವಿಧಾನದಲ್ಲೇ ಮುಂದುವರಿಯಿರಿ.

ಪ್ರಶ್ನೆ: 47 ವರ್ಷ. ಮೂರು ನಾಲ್ಕು ತಿಂಗಳಿಗೊಮ್ಮೆ ಮುಟ್ಟಾಗುತ್ತದೆ. ಇನ್ನು ಗರ್ಭನಿರೋಧಕ ಬೇಕೇ?

ಉತ್ತರ: ಬೇಕು. ಮುಟ್ಟು ವಿರಳವಾದ ಮಾತ್ರಕ್ಕೆ ಅಂಡೋತ್ಪತ್ತಿ ನಿಂತಿದೆ ಎಂದಲ್ಲ, ಅದು ಯಾವ ತಿಂಗಳು ಆಗುತ್ತದೆ ಎಂದು ಹೇಳಲು ಬಾರದು, ಅಷ್ಟೇ. 50 ತುಂಬುವ ಮೊದಲು ಕೊನೆಯ ಮುಟ್ಟಾದವರು ಅಲ್ಲಿಂದ ಎರಡು ವರ್ಷ, 50ರ ನಂತರ ಕೊನೆಯ ಮುಟ್ಟಾದವರು ಒಂದು ವರ್ಷ ಯಾವುದಾದರೊಂದು ವಿಧಾನವನ್ನು ಮುಂದುವರಿಸಬೇಕು. ಈಸ್ಟ್ರೋಜೆನ್ ಇರುವ ಮಾತ್ರೆ ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಬೇಡ. ಅದು ತಿಂಗಳಿಗೊಮ್ಮೆ ಸ್ರಾವ ತರಿಸುವುದರಿಂದ ಮುಟ್ಟು ನಿಂತಿದೆಯೋ ಇಲ್ಲವೋ ಎಂಬುದೂ ತಿಳಿಯದಂತಾಗುತ್ತದೆ. ಕಾಂಡೋಮ್ ಸಾಕಾಗಬಹುದು. 40 ದಾಟಿದ ಮೇಲೆ ಹಾಕಿಸಿಕೊಂಡ ಕಾಪರ್-ಟಿ ಇದ್ದರೆ ಮುಟ್ಟು ಪೂರ್ತಿ ನಿಲ್ಲುವವರೆಗೂ ಅದೇ ನಡೆಯುತ್ತದೆ, ಆದರೆ ಆಮೇಲೆ ಅದನ್ನು ಮರೆಯದೆ ತೆಗೆಸಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ, ಅದು ಒಂದು ಹನಿಯೇ ಆಗಿರಲಿ, ತಡವಾಗಿ ಬಂದ ಮುಟ್ಟೆಂದು ಸುಮ್ಮನಿರದೆ ಪರೀಕ್ಷೆ ಮಾಡಿಸಿಕೊಳ್ಳಿ.